ಗಲ್ಲಿಯಲ್ಲಿ ಹಳೆ ಬಾಗಿಲಿನ ಫೋಟೋ: ಬಾಗಿಲು ಹಿಂದಕ್ಕೆ ಬಿದ್ದ ಹಾಗೆ ಬರ್ತಿದೆ, ಏನು ಮಾಡಲಿ?

ಪಡಸಾಲೆ:

ಎಲ್ಲರಿಗೂ ನಮಸ್ಕಾರ. ನಾನು ಫೋಟೋಗ್ರಾಫರ್ ಅಲ್ಲ. ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇದೆ, ಹಗಲೆಲ್ಲ ಅಲ್ಲೇ. ಭಾನುವಾರ ಮಾತ್ರ ಬಿಡುವು. ಇದು ಒಂದು ಬಾಗಿಲಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಧಾರವಾಡದಿಂದ ಅರ್ಧ ಗಂಟೆ ಬಸ್ಸಿನ ದಾರಿಯಲ್ಲಿ ನಮ್ಮ ಊರು. ಅಲ್ಲಿ ಅಜ್ಜನ ಕಾಲದ ಮಾಳಿಗೆ ಮನೆ ಇದೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಅಪ್ಪನೂ ಸೇರಿ ಐದು ಜನ ಅಣ್ಣತಮ್ಮಂದಿರು. ಪಾಲಿನ ಮಾತು ಹತ್ತು ವರ್ಷ ನಡೆದು, ಕೊನೆಗೆ ಮಾರಿಬಿಡೋಣ ಅಂತ ಆಯಿತು. ಕೊಳ್ಳುವವರು ಮನೆ ಕೆಡವುತ್ತಾರೆ. ಹಳೆ ಮರದ ವ್ಯಾಪಾರಿಯೊಬ್ಬರು ಬಂದು, ತಲೆಬಾಗಿಲನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಮುಂಗಡ ಕೊಟ್ಟು ಹೋಗಿದ್ದಾರೆ. ದೀಪಾವಳಿ ಆದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ಅಷ್ಟರೊಳಗೆ ಬಾಗಿಲಿನ ಒಂದು ಒಳ್ಳೆ ಫೋಟೋ ತೆಗೆದು, ಮೂರು ಅಡಿ ಎತ್ತರದ ಪ್ರಿಂಟ್ ಮಾಡಿಸಿ, ಐದೂ ಮನೆಗೆ ಒಂದೊಂದು ಕೊಡಬೇಕು. ಈ ಕೆಲಸ ನನ್ನ ತಲೆಗೆ ಬಿದ್ದಿದೆ. ಕಾರಣ, ನನ್ನ ಫೋನು ಎಲ್ಲರಿಗಿಂತ ಹೊಸದು.

ಸಾಗವಾನಿ ಮರದ ಜೋಡಿ ಕದ. ಚೌಕಟ್ಟು ಸೇರಿ ಎತ್ತರ ಆರು ಅಡಿ, ಅಗಲ ನಾಲ್ಕು ಅಡಿ ಚಿಲ್ಲರೆ. ಮೇಲಿನ ಪಟ್ಟಿಯಲ್ಲಿ ಗಜಲಕ್ಷ್ಮಿ. ಎಣ್ಣೆ, ಅರಿಶಿಣ, ಕುಂಕುಮ ಹಚ್ಚಿ ಹಚ್ಚಿ ಸೊಂಡಿಲುಗಳು ಸವೆದಿವೆ, ಈಗ ಅವು ಆನೆಯೋ ಹಂದಿಯೋ ಹೇಳೋದು ಕಷ್ಟ. ಕದದ ಮೇಲೆ ಹಿತ್ತಾಳೆ ಗುಬ್ಬಿಗಳು 48 ಇದ್ದವು, 41 ಉಳಿದಿವೆ. ಬಲಗಡೆ ಕದಕ್ಕೆ ಒಂದು ಹಿತ್ತಾಳೆ ಬಳೆ. ಅದು ಬಡಿದು ಬಡಿದು ಕೆಳಗೆ ಮರದಲ್ಲಿ ಅರ್ಧಚಂದ್ರದ ಹಾಗೆ ಗುಳಿ ಬಿದ್ದಿದೆ. ಚಿಕ್ಕವನಿದ್ದಾಗ ಒಳಗಿನಿಂದ ಯಾರಾದರೂ ಬಂದು ತೆಗೆಯುವವರೆಗೆ ಆ ಗುಳಿಯಲ್ಲಿ ಬೆರಳು ಓಡಿಸುತ್ತ ನಿಂತಿರುತ್ತಿದ್ದೆ. ನನಗೆ ಫೋಟೋದಲ್ಲಿ ಬೇಕಾಗಿರೋದು ಅಸಲಿಗೆ ಅದೇ.

ಈಗ ತೊಂದರೆ ಹೇಳ್ತೀನಿ. ನಮ್ಮ ಕಟ್ಟೆ ರಸ್ತೆಯಿಂದ ಮೂರು ಅಡಿ ಎತ್ತರ, ಎರಡು ಅಡಿ ಅಗಲ. ಎದುರು ಮನೆಗೂ ಕಟ್ಟೆ ಇದೆ. ಎರಡು ಕಟ್ಟೆಯ ನಡುವೆ ದಾರಿ ಐದೇ ಅಡಿ. ಬೈಕ್ ಬಂದರೆ ನಾನು ಕಟ್ಟೆಗೆ ಅಂಟಿಕೊಳ್ಳಬೇಕು. ಎಷ್ಟೇ ಹಿಂದೆ ಸರಿದರೂ ಬಾಗಿಲಿಗೂ ನನಗೂ ಏಳು ಅಡಿ ದಾಟುವುದಿಲ್ಲ.

ಮೊದಲು ದಾರಿಯಲ್ಲಿ ನಿಂತು ತೆಗೆದೆ. ಬಾಗಿಲು ಕೆಳಗೆ ಅಗಲ, ಮೇಲೆ ಸಣ್ಣ. ಆ ಮನೆಯಲ್ಲಿ ಈಗ ಒಬ್ಬರೇ ಇರುವ ನಮ್ಮ ಕಾಕಾನಿಗೆ ತೋರಿಸಿದೆ. "ಬಾಗಲಾ ಯಾಕೋ ಹಿಂದಕ್ಕ ಮಲಗೇತಲ್ಲೋ ತಮ್ಮಾ" ಅಂದರು. ಆಮೇಲೆ ಫೋನಿನ 0.5 (ಜಾಸ್ತಿ ಅಗಲ ನೋಡುವ ಲೆನ್ಸ್) ಒತ್ತಿ, ಹತ್ತಿರ ಹೋಗಿ ತೆಗೆದೆ. ಇನ್ನೂ ಕೆಟ್ಟದಾಯಿತು, ಗಜಲಕ್ಷ್ಮಿ ಆಕಾಶಕ್ಕೆ ಹಾರಿಹೋಗುವ ಹಾಗೆ. ಕೊನೆಗೆ ಎಡಿಟ್‌ನಲ್ಲಿ ಓರೆ ಸರಿಮಾಡುವ ಪಟ್ಟಿ ಎಳೆದೆ. ಗೆರೆಗಳೇನೋ ನೆಟ್ಟಗಾದವು. ಆದರೆ ಬಾಗಿಲು ಕುದುರೆ ಮುಖದ ಹಾಗೆ ಉದ್ದ ಆಯಿತು, ಬಳೆ ಮೊಟ್ಟೆಯಾಯಿತು, ಮೇಲಿನ ಎರಡು ಮೂಲೆ ಕತ್ತರಿಸಿ ಹೋಯಿತು.

ಹೊಸ ಲೆನ್ಸ್ ತಗೋಬೇಕಾ? ಅಥವಾ ಇದು ಸಾಫ್ಟ್‌ವೇರಿನಲ್ಲೇ ಸರಿ ಹೋಗೋದಾ? ಅಕ್ಕನ ಮಗನ ಹತ್ತಿರ 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಇದೆ, ಜೊತೆಗೆ ಬಂದ 18-55 ಲೆನ್ಸ್ ಬಿಟ್ಟು ಬೇರೆ ಇಲ್ಲ. ಕೇಳಿದರೆ ಕೊಡುತ್ತಾನೆ.

ಅಡಿಕೆಸೀಮೆ:

ನಾನು ಸಾಗರದ ಕಡೆಯವನು. ನಮ್ಮದು ನಿಮ್ಮದಕ್ಕೆ ಉಲ್ಟಾ ಸಮಸ್ಯೆ. ಇಲ್ಲಿನ ಹಳೆ ಮನೆಗಳಲ್ಲಿ ಬಾಗಿಲು ತಗ್ಗು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ನಿಂತು ತೆಗೆದರೆ ಕ್ಯಾಮೆರಾ ಕೆಳಗೆ ಬಾಗುತ್ತೆ, ಬಾಗಿಲು ಕೆಳಗೆ ಸಣ್ಣ ಆಗಿ ಬುಗುರಿ ಥರ ಬರುತ್ತೆ. ಎರಡು ವರ್ಷ ಹಾಗೇ ತೆಗೆದೆ, ಎಲ್ಲ ಬುಗುರಿ. ಆಮೇಲೆ ಅಂಗಳದಲ್ಲಿ ಮಂಡಿಯೂರಿ ಕೂತು ತೆಗೆಯಲು ಶುರು ಮಾಡಿದೆ, ಸರಿಹೋಯಿತು. ಬಾಗಿಲಿನ ಅರ್ಧ ಎತ್ತರಕ್ಕೆ ಕ್ಯಾಮೆರಾ ಬರಬೇಕು, ಅಷ್ಟೇ. ನಮಗೆ ಕೂರಬೇಕು, ನಿಮಗೆ ಹತ್ತಬೇಕು. ಒಂದು ಸ್ಟೂಲ್ ತಗೊಂಡು ಹೋಗಿ.

ಸುಮ್ನೆ ಒಬ್ಬ:

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಕೇಸಿನಲ್ಲಿ ನೆಲ ನಿಜವಾಗಿಯೂ ಡೊಂಕು ಇರಬಹುದು. ಹಳೆ ಮಣ್ಣಿನ ಮನೆ ರೀ, ಬಾಗಿಲು ನೆಟ್ಟಗಿದೆ ಅಂತ ನಿಮಗೆ ಯಾರು ಹೇಳಿದರು? ಮೊದಲು ಅದನ್ನ ನೋಡಿ, ಆಮೇಲೆ ಲೆನ್ಸ್ ಕೊಳ್ಳಿ.

ರಸಮಟ್ಟ:

ಲೆನ್ಸ್ ಬೇಡ. ತಪ್ಪು ನಿಮ್ಮ ಮಣಿಕಟ್ಟಿನದ್ದು. (ಹೊಟ್ಟೆಪಾಡಿಗೆ ನಾನು ಕಟ್ಟಡದ ಇಂಜಿನಿಯರ್, ಗೋಡೆಗಳ ಜೊತೆ ಜಗಳ ನನ್ನ ದಿನನಿತ್ಯದ ಕೆಲಸ.)

ಬಾಗಿಲು ಒಂದು ಹಲಗೆ, ಫೋನು ಇನ್ನೊಂದು ಹಲಗೆ ಅಂದುಕೊಳ್ಳಿ. ಎರಡೂ ಎದುರುಬದುರು ಒಂದೇ ಸಮ ನಿಂತರೆ ಗೆರೆಗಳು ನೆಟ್ಟಗೆ ಬರುತ್ತವೆ. ಫೋನಿನ ತಲೆ ಹಿಂದಕ್ಕೆ ವಾಲಿತೋ, ಅದರ ಲೆಕ್ಕದಲ್ಲಿ ಬಾಗಿಲಿನ ಮೇಲ್ಭಾಗ ದೂರ ಹೋಯಿತು. ದೂರದ್ದು ಸಣ್ಣ ಕಾಣುತ್ತೆ. ಅದಕ್ಕೇ ನಿಮ್ಮ ಕಾಕಾ ಹಿಂದಕ್ಕೆ ಮಲಗಿದೆ ಅಂದಿದ್ದು, ಅವರು ಸರಿಯಾಗೇ ನೋಡಿದ್ದಾರೆ. ಪಕ್ಕಕ್ಕೆ ತಿರುಗಿದರೂ ಇದೇ ಕಥೆ, ಆಗ ಹೊಸ್ತಿಲು ಮತ್ತು ಮೇಲಿನ ಪಟ್ಟಿ ಓರೆಯಾಗುತ್ತವೆ.

ಲೆಕ್ಕ ಹಾಕೋಣ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ಲೆಕ್ಕದ್ದು (ಹಳೆ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ). 24 ಅಂತ ಇಟ್ಟುಕೊಳ್ಳಿ. ಫೋನನ್ನು ಉದ್ದಕ್ಕೆ ಹಿಡಿದರೆ ಏಳು ಅಡಿ ದೂರದಿಂದ ಸುಮಾರು ಹತ್ತು ಅಡಿ ಎತ್ತರ, ಏಳೂವರೆ ಅಡಿ ಅಗಲ ಒಳಗೆ ಬರುತ್ತೆ. ಕಣ್ಣಿನ ಮಟ್ಟ ಅಂದರೆ ಐದು ಅಡಿ. ಅಲ್ಲಿ ಫೋನನ್ನು ಚೂರೂ ವಾಲಿಸದೆ ಹಿಡಿದರೆ ರಸ್ತೆಯಿಂದ ಹಿಡಿದು ಹತ್ತು ಅಡಿ ಮೇಲಿನವರೆಗೆ ಎಲ್ಲ ಬಿತ್ತು. ನಿಮ್ಮ ಬಾಗಿಲು ಇರೋದು ಮೂರನೇ ಅಡಿಯಿಂದ ಒಂಬತ್ತನೇ ಅಡಿವರೆಗೆ. ಅಂದರೆ ನೀವು ಫೋನಿನ ತಲೆ ಎತ್ತೋ ಅಗತ್ಯವೇ ಇರಲಿಲ್ಲ! ಬಾಗಿಲನ್ನು ಚಿತ್ರದ ನಡುವಿಗೆ ತರೋ ಆಸೆಗೆ ಎತ್ತಿದಿರಿ. ಎಲ್ಲರೂ ಮಾಡೋ ತಪ್ಪು ಇದು. ಎತ್ತಬೇಡಿ. ಕೆಳಗೆ ಮೆಟ್ಟಿಲು, ಯಾರೋ ಬಿಟ್ಟ ಚಪ್ಪಲಿ, ಹಾಲಿನ ಪೊಟ್ಟಣ ಏನು ಬಂದರೂ ಬರಲಿ. ಮನೆಗೆ ಹೋಗಿ ಕತ್ತರಿಸಿ.

0.5 ಬಗ್ಗೆ: ಆ ಲೆನ್ಸು ಬಾಗಿಲನ್ನು ವಾಲಿಸಲಿಲ್ಲ. ಅದು ಜಾಸ್ತಿ ಅಗಲ ನೋಡುತ್ತೆ ಅಂತ ನೀವು ಹತ್ತಿರ ಹೋದಿರಿ, ಹತ್ತಿರ ಹೋದಾಗ ತಲೆ ಇನ್ನೂ ಎತ್ತಿದಿರಿ. ಅಂಚಿನಲ್ಲಿ ಎಳೆದ ಹಾಗೆ ಆಗೋದು ಬೇರೆ. ಹಳೆ ಬಾಗಿಲಿಗೆ ಅದನ್ನು ಮುಟ್ಟಲೇಬೇಡಿ.

ಆದರೆ ಮೂರು ಅಡಿ ಪ್ರಿಂಟಿಗೆ ಫೋನು ಸಾಲದು. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ 4000 ಪಿಕ್ಸೆಲ್. ಹತ್ತು ಅಡಿಯಲ್ಲಿ ಆರು ಅಡಿ ಬಾಗಿಲು ಅಂದರೆ ಅದಕ್ಕೆ 2400. ಅದನ್ನು 36 ಇಂಚಿಗೆ ಹಂಚಿದರೆ ಇಂಚಿಗೆ 67 ಪಿಕ್ಸೆಲ್ಲೂ ಇಲ್ಲ. ಪಡಸಾಲೆಯ ಆ ತುದಿಯಿಂದ ನೋಡೋಕೆ ಪರವಾಗಿಲ್ಲ, ಹತ್ತಿರ ಹೋದರೆ ನಿಮ್ಮ ಅರ್ಧಚಂದ್ರ ಮಸುಕು. ಅಕ್ಕನ ಮಗನ ಕ್ಯಾಮೆರಾ ತನ್ನಿ.

ಒಂದು ಮಾತು ಕೇಳ್ತೀನಿ: ಎದುರು ಮನೆ ಕಟ್ಟೆ ಎಷ್ಟು ಎತ್ತರ?

ಪಡಸಾಲೆ:

ಎರಡೂವರೆ ಅಡಿ. ಅಗಲ ನಮ್ಮದರಷ್ಟೇ, ಎರಡು ಅಡಿ. ಅಲ್ಲಿ ಒಬ್ಬರು ಆಯಿ ಇಡೀ ದಿನ ಕೂತಿರುತ್ತಾರೆ. ಅವರ ಅಪ್ಪಣೆ ಇಲ್ಲದೆ ಆ ಕಟ್ಟೆ ಮೇಲೆ ಬೆಕ್ಕೂ ಮಲಗಲ್ಲ.

ರಸಮಟ್ಟ:

ಹಾಗಿದ್ದರೆ ಆಯಿಗೆ ಅರ್ಧ ಕಿಲೋ ಫೇಡೆ ತಗೊಂಡು ಹೋಗಿ. ನಿಮ್ಮ ಕೆಲಸ ಆಯಿತು.

ಬಾಗಿಲಿನ ನಡು ಎಲ್ಲಿದೆ? ಮೂರು ಅಡಿ ಕಟ್ಟೆ, ಅದರ ಮೇಲೆ ಆರು ಅಡಿಯಲ್ಲಿ ಅರ್ಧ. ರಸ್ತೆಯಿಂದ ಆರು ಅಡಿ. ಎದುರು ಕಟ್ಟೆ ಎರಡೂವರೆ, ಅದರ ಮೇಲೆ ಟ್ರೈಪಾಡ್ ಮೂರೂವರೆ ಅಡಿಗೆ ಇಳಿಸಿದರೆ ಆರು. ಸರಿಯಾಗಿ ಕೂತಿತು ನೋಡಿ. ಮೇಲಾಗಿ ನೀವು ಒಂದೂವರೆ ಅಡಿ ಹಿಂದೆ ಹೋದಿರಿ, ಎಂಟೂವರೆ ಅಡಿ ದೂರ ಸಿಕ್ಕಿತು. ಆ ಕ್ಯಾಮೆರಾ ಉದ್ದಕ್ಕೆ ಹಿಡಿದು ಲೆನ್ಸ್ 24 ಎಂಎಂ ಹತ್ತಿರ ಇಟ್ಟರೆ (ಇದು ಫೋನಿನ ಲೆಕ್ಕದ 24 ಅಲ್ಲ, ಅದಕ್ಕಿಂತ ಕಡಿಮೆ ಅಗಲ ನೋಡುತ್ತೆ) ಎಂಟೂವರೆ ಅಡಿ ಎತ್ತರ ಒಳಗೆ ಬರುತ್ತೆ. ಬಾಗಿಲಿನ ಮೇಲೆ ಕೆಳಗೆ ಒಂದೊಂದು ಅಡಿ ಜಾಗ ಉಳಿಯುತ್ತೆ. ಆ ಜಾಗ ಬೇಕು. ಆಮೇಲೆ ಚೂರು ಓರೆ ಸರಿಮಾಡಿದರೆ ಮೂಲೆ ತಿನ್ನುತ್ತೆ, ನಿಮಗೆ ಗೊತ್ತಾಗಿದೆ. ಬಾಗಿಲಿಗೆ 4200 ಪಿಕ್ಸೆಲ್ ಸಿಗುತ್ತೆ, ಇಂಚಿಗೆ 115 ಮೇಲೆ. ಗೋಡೆಗೆ ಹಾಕೋ ಪ್ರಿಂಟಿಗೆ ಧಾರಾಳ ಆಯಿತು.

ಈಗ ಎಡ ಬಲ. ನಿಮ್ಮ ಗೋಡೆ ದಪ್ಪ, ಚೌಕಟ್ಟು ಒಳಗೆ ಕೂತಿದೆ ಅಲ್ವಾ? ಹಾಗಾದರೆ ಚೌಕಟ್ಟಿನ ಎರಡೂ ಪಕ್ಕ ಗೋಡೆಯ ದಪ್ಪ ಕಾಣುತ್ತೆ. ನೀವು ಅರ್ಧ ಅಡಿ ಎಡಕ್ಕೆ ನಿಂತರೆ ಬಲಗಡೆಯ ದಪ್ಪ ಜಾಸ್ತಿ ಕಾಣುತ್ತೆ, ಎಡದ್ದು ಕಡಿಮೆ. ಇದನ್ನು ಯಾವ ಸಾಫ್ಟ್‌ವೇರೂ ಸರಿಮಾಡಲ್ಲ. ಅದು ಒಂದು ಹಲಗೆಯನ್ನು ಎಳೆದು ನೆಟ್ಟಗೆ ಮಾಡುತ್ತೆ, ನಿಮ್ಮ ಕಾಲನ್ನು ಅರ್ಧ ಅಡಿ ಬಲಕ್ಕೆ ಇಡಲ್ಲ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದ ಎಷ್ಟೋ ಬಾಗಿಲುಗಳು ನೋಡೋಕೆ ಏನೋ ಸರಿ ಇಲ್ಲ ಅನ್ನಿಸೋದು ಇದಕ್ಕೇ. ಗೆರೆ ಹೇಳುತ್ತೆ ಎದುರಿಗೆ ನಿಂತಿದ್ದೆ ಅಂತ, ಗೋಡೆ ಹೇಳುತ್ತೆ ಪಕ್ಕದಲ್ಲಿ ನಿಂತಿದ್ದೆ ಅಂತ.

ನಡು ಹುಡುಕೋಕೆ ಸುಲಭ ದಾರಿ: ಒಂದೇ ಅಳತೆಯ ಎರಡು ದಾರ. ಒಂದರ ತುದಿ ಎಡ ಕಂಬಕ್ಕೆ, ಇನ್ನೊಂದು ಬಲ ಕಂಬಕ್ಕೆ, ಒಂದೇ ಎತ್ತರದಲ್ಲಿ. ಎರಡನ್ನೂ ಬಿಗಿಯಾಗಿ ಎಳೆದರೆ ತುದಿಗಳು ಎಲ್ಲಿ ಕೂಡುತ್ತವೋ ಅಲ್ಲಿ ಲೆನ್ಸು.

ಕೆಂಪುದೀಪ:

ರಸಮಟ್ಟದವರು ಹೇಳಿದ್ದು ಪೂರ್ತಿ ಸರಿ. ನನ್ನದು ಒಂದೆರಡು ಸೇರಿಸ್ತೀನಿ. ಮೈಸೂರಿನ ಸ್ಟುಡಿಯೋ ಒಂದರಲ್ಲಿ ಡಾರ್ಕ್‌ರೂಮಿನಲ್ಲೇ ನನ್ನ ಅರ್ಧ ಆಯಸ್ಸು ಹೋಯಿತು. ಆಗ ಗೋಪುರದ ಫೋಟೋ ಓರೆ ಬಂದರೆ ಬೈಸಿಕೊಂಡು, ಪ್ರಿಂಟ್ ಮಾಡುವಾಗ ನೆಟ್ಟಗೆ ಮಾಡುತ್ತಿದ್ದೆವು. ಎನ್ಲಾರ್ಜರ್ (ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಕೆಳಗೆ ಕಾಗದ ಇಡುವ ಚೌಕಟ್ಟು ಇರುತ್ತಲ್ಲ, ಚಿತ್ರ ಅಗಲ ಇರುವ ಕಡೆ ಅದರ ಅಡಿಗೆ ಬೆಂಕಿಪೆಟ್ಟಿಗೆ ಇಟ್ಟು ಎತ್ತುವುದು. ಲೆನ್ಸಿಗೆ ಹತ್ತಿರ ಬಂದ ಕಡೆ ಸಣ್ಣದಾಗುತ್ತೆ, ಎರಡೂ ತುದಿ ಸಮ ಆಗುತ್ತೆ. ಆದರೆ ಹತ್ತಿರದ ಕಡೆ ಬೆಳಕು ಜಾಸ್ತಿ ಬಿದ್ದು ಕಪ್ಪಾಗುತ್ತೆ, ಅಲ್ಲಿ ಕೈ ಅಡ್ಡ ಹಿಡಿಯಬೇಕು. ಫೋಕಸ್ ಹೋಗದ ಹಾಗೆ ಲೆನ್ಸಿನ ಕಂಡಿಯನ್ನು f/16ರಷ್ಟು ಸಣ್ಣಗೆ ಮಾಡಬೇಕು. ಮೂರು ಬೆಂಕಿಪೆಟ್ಟಿಗೆ ದಾಟಿದರೆ ಮುಖಗಳು ಉದ್ದವಾಗಿ ಗಿರಾಕಿ ಗಲಾಟೆ ಮಾಡುತ್ತಿದ್ದರು. ನಿಮ್ಮ ಕುದುರೆ ಮುಖ ಹೊಸದಲ್ಲ.

ಲೆನ್ಸಿನ ವಿಷಯ ಕೇಳಿದಿರಿ. ಇದಕ್ಕೆಂದೇ ಶಿಫ್ಟ್ ಲೆನ್ಸ್ ಇವೆ, ಕ್ಯಾಮೆರಾ ಹಾಗೇ ಇಟ್ಟು ಲೆನ್ಸನ್ನಷ್ಟೇ ಸರಿಸುವಂಥವು. ಹಳೆ ಮರದ ಕ್ಯಾಮೆರಾಗಳಲ್ಲಿ ಮುಂದಿನ ಲೆನ್ಸ್ ಹಲಗೆಯನ್ನು ಹಾಗೇ ಮೇಲಕ್ಕೆ ಸರಿಸುತ್ತಿದ್ದರು, ಅದೇ ಉಪಾಯ. 35 ಎಂಎಂ ಎಸ್‌ಎಲ್‌ಆರ್‌ಗೆ ಅದನ್ನು ನಿಕಾನ್ 1960ರ ದಶಕದ ಶುರುವಿನಲ್ಲೇ ತಂದಿತು. ಲೆನ್ಸನ್ನು ವಾಲಿಸುವ ಅನುಕೂಲವನ್ನೂ ಸೇರಿಸಿ 1973ರಲ್ಲಿ ಕ್ಯಾನನ್ ಒಂದು ತಂದಿತು. ಈಗಿನ 24 ಎಂಎಂನದ್ದು 12 ಎಂಎಂ ಸರಿಯುತ್ತೆ. ಏಳು ಅಡಿ ದೂರದಲ್ಲಿ ಅದರ ಅರ್ಥ ಏನು ಗೊತ್ತಾ? ಕ್ಯಾಮೆರಾ ವಾಲಿಸದೆ ನೋಟವನ್ನು ಮೂರೂವರೆ ಅಡಿ ಮೇಲಕ್ಕೆ ಎತ್ತಿದ ಹಾಗೆ. ಕೊಳ್ಳೋಕೆ ಹೋದರೆ ಬಾಗಿಲು ಮಾರಿದ ದುಡ್ಡು ಅದಕ್ಕೇ ಆಗುತ್ತೆ. ಎದುರು ಕಟ್ಟೆ ಪುಕ್ಕಟೆ.

ಇನ್ನು ಕನ್ನಡಿ. ಹಳೆ ಫೋಟೋ, ಪತ್ರ ಕಾಪಿ ಮಾಡುವಾಗ ನಾವು ಮಾಡುತ್ತಿದ್ದ ಕೆಲಸ. ಹಿಂಬದಿ ಚಪ್ಪಟೆ ಇರುವ ಸಣ್ಣ ಕನ್ನಡಿ ತನ್ನಿ. ಕದ ಎರಡೂ ಮುಚ್ಚಿ ಅಗಳಿ ಹಾಕಿ. ಎರಡು ಕದ ಕೂಡುವ ನಡುಪಟ್ಟಿಯ ಮೇಲೆ, ಬಾಗಿಲಿನ ಸರಿ ಮಧ್ಯದಲ್ಲಿ ಕನ್ನಡಿ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಕನ್ನಡಿ ಚಿತ್ರದ ನಟ್ಟನಡುವೆ ಇದ್ದು, ಅದರಲ್ಲಿ ನಿಮ್ಮದೇ ಲೆನ್ಸ್ ಕಾಣಬೇಕು. ಕಂಡಿತೋ, ಕ್ಯಾಮೆರಾ ಬಾಗಿಲಿಗೆ ನೇರ ಇದೆ. ಫೋನಿನ ಮಟ್ಟದ ಗೆರೆ, ರಸಮಟ್ಟ ಎಲ್ಲ ಭೂಮಿಗೆ ನೇರ ತೋರಿಸುತ್ತವೆ, ಬಾಗಿಲಿಗಲ್ಲ. ಬಾಗಿಲೇ ಹಿಂದಕ್ಕೆ ವಾಲಿದ್ದರೆ ಅವು ಸುಳ್ಳು ಹೇಳುತ್ತವೆ. ಕನ್ನಡಿ ಹೇಳಲ್ಲ.

ರಸಮಟ್ಟ:

ಕನ್ನಡಿ ನನಗೆ ಹೊಳೆದಿರಲಿಲ್ಲ ಸರ್. ನನ್ನ ಹೆಸರಿಗೇ ಏಟು ಕೊಟ್ಟಿರಿ, ಪರವಾಗಿಲ್ಲ.

ಸಾಫ್ಟ್‌ವೇರಿನದ್ದೂ ಹೇಳಿ ಮುಗಿಸ್ತೀನಿ. ಮೊದಲು ಲೆನ್ಸಿನ ಪ್ರೊಫೈಲ್ (ಆ ಲೆನ್ಸಿನ ಉಬ್ಬು ಸರಿಮಾಡುವ ಸಿದ್ಧ ಲೆಕ್ಕ) ಹಾಕಿ. ಅಗಲ ಲೆನ್ಸಿನಲ್ಲಿ ಅಂಚಿನ ಗೆರೆಗಳು ಬಿಲ್ಲಿನ ಹಾಗೆ ಹೊರಗೆ ಉಬ್ಬಿರುತ್ತವೆ. ಅದು ಓರೆ ಅಲ್ಲ, ಬೇರೆ ರೋಗ. ಉಬ್ಬು ತೆಗೆಯದೆ ಓರೆ ತೆಗೆಯಲು ಹೋದರೆ ಸುಮ್ನೆ ಗುದ್ದಾಟ. ಆಮೇಲೆ ಲೈಟ್‌ರೂಮ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಗೈಡೆಡ್ ಅಂತ ಇದೆ, ನೀವೇ ಗೆರೆ ಎಳೆಯೋದು, ಹೆಚ್ಚೆಂದರೆ ನಾಲ್ಕು. ಆಟೋ ಒತ್ತಬೇಡಿ. ದುಡ್ಡು ಕೊಡೋದು ಬೇಡ ಅಂದರೆ ಡಾರ್ಕ್‌ಟೇಬಲ್, ಗಿಂಪ್ ಇವೆ. ಫೋನಿನಲ್ಲೇ ಅಂದರೆ ಸ್ನ್ಯಾಪ್‌ಸೀಡ್. ಆದ ಮೇಲೆ ನಿಮ್ಮ ಹಿತ್ತಾಳೆ ಬಳೆಯನ್ನು ಅಳೆಯಿರಿ. ಅಡ್ಡ ಎಷ್ಟು ಪಿಕ್ಸೆಲ್, ಉದ್ದ ಎಷ್ಟು. ಬಳೆ ಗುಂಡಗಿದ್ದರೆ ಬಾಗಿಲಿನ ಅಳತೆಯೂ ಸರಿ. ಮೊಟ್ಟೆಯಾಗಿದ್ದರೆ ಆಸ್ಪೆಕ್ಟ್ ಅನ್ನೋ ಪಟ್ಟಿ ಎಳೆದು ಗುಂಡಗೆ ಮಾಡಿ. ಎಲ್ಲರ ಬಾಗಿಲಿನಲ್ಲೂ ಇಂಥ ಬಳೆ ಇರಲ್ಲ, ನೀವು ಪುಣ್ಯ ಮಾಡಿದ್ದೀರಿ.

ಪಡಸಾಲೆ:

ಭಾನುವಾರ ಹೋಗಿ ಬಂದೆ. ಒಂದೊಂದಾಗಿ ಹೇಳ್ತೀನಿ.

ಆಯಿ ಫೇಡೆ ತಗೊಂಡರು, ಆದರೆ ಕಟ್ಟೆ ಬಿಡಲಿಲ್ಲ. "ನೀ ನಿಂದು ಮಾಡ್ಕೋ, ನಾ ನಂದು ಕುಂದರತೀನಿ" ಅಂದರು. ಟ್ರೈಪಾಡಿನ ಒಂದು ಕಾಲು ಅವರ ಎಲೆ ಅಡಿಕೆ ಚೀಲದ ಪಕ್ಕ ಊರಿದೆ. ಬೆಳಿಗ್ಗೆ ಏಳೂವರೆ, ಗಲ್ಲಿಗೆ ಇನ್ನೂ ಬಿಸಿಲು ಇಳಿದಿರಲಿಲ್ಲ. ಹಿಂದಿನ ಸಲ ಮಧ್ಯಾಹ್ನ ತೆಗೆದಾಗ ಹಿತ್ತಾಳೆ ಗುಬ್ಬಿ ಎಲ್ಲ ಬಿಳಿ ಚುಕ್ಕೆ ಆಗಿದ್ದವು, ಈ ಸಲ ಹಾಗಾಗಲಿಲ್ಲ.

ದಾರ ಕಟ್ಟಿದಾಗ ಗೊತ್ತಾಯಿತು, ನಾನು ಮೊದಲು ನಡು ಅಂತ ಅಂದುಕೊಂಡಿದ್ದ ಜಾಗ ನಡು ಆಗಿರಲಿಲ್ಲ. ಒಂದು ಗೇಣು ಎಡಕ್ಕಿತ್ತು. ಮೆಟ್ಟಿಲು ಬಾಗಿಲಿಗೆ ನೇರವಾಗಿಲ್ಲ, ನಾನು ಮೆಟ್ಟಿಲು ನೋಡಿ ನಿಲ್ಲುತ್ತಿದ್ದೆ.

ಕನ್ನಡಿಗೆ ಕಾಕಾನ ದಾಡಿ ಕನ್ನಡಿ. ಅದರ ತಗಡಿನ ಚೌಕಟ್ಟು ಬಿಚ್ಚಿ, ಬರೀ ಗಾಜು ಕೊಟ್ಟರು. ಅವರೇ ಎರಡು ಬೆರಳಲ್ಲಿ ಒತ್ತಿ ಹಿಡಿದರು. ಕ್ಯಾಮೆರಾದ ಪರದೆ ಹಿಗ್ಗಿಸಿ ನೋಡಿದರೆ ಕನ್ನಡಿಯಲ್ಲಿ ಮೊದಲು ಕಂಡಿದ್ದು ಎದುರು ಮನೆಯ ವೈರು. ಕ್ಯಾಮೆರಾ ಚೂರು ಸರಿಸಿದೆ, ಆಯಿಯ ಮೂಗು ಬಂತು. ಇನ್ನೂ ಚೂರು ಸರಿಸಿದೆ. ಕಪ್ಪು ಗುಂಡಿ ಹಾಗೆ ಲೆನ್ಸು ಒಂದು ಮೂಲೆಯಿಂದ ಒಳಗೆ ಬಂತು, ನಿಧಾನಕ್ಕೆ ನಡುವಿಗೆ. ಎಲ್ಲ ಸೇರಿ ಐದು ನಿಮಿಷ. ಕಾಕಾನ ಕೈ ನಡುಗುತ್ತಿತ್ತು, ಆದರೂ ಬಿಡಲಿಲ್ಲ.

ಅಷ್ಟೆಲ್ಲ ಮಾಡಿ ತೆಗೆದರೆ, ಬಲಗಡೆ ಕಂಬ ಮೇಲೆ ಒಳಕ್ಕೆ ವಾಲಿದೆ! ಎಡಗಡೆ ಗೆರೆ ಎಳೆದ ಹಾಗೆ ನೆಟ್ಟಗೆ, ಬಲಗಡೆ ಮಾತ್ರ ಓರೆ. ಗೋಡೆಯ ದಪ್ಪ ಎರಡೂ ಕಡೆ ಸಮ ಕಾಣ್ತಿದೆ. ಕನ್ನಡಿ ಸರಿ ಇದೆ. ತಲೆ ಕೆಟ್ಟು ಹೋಯಿತು. ಆಗ "ಸುಮ್ನೆ ಒಬ್ಬ" ಅವರ ಮಾತು ನೆನಪಾಯಿತು. ಹಿಂದಿನ ಓಣಿಯಲ್ಲಿ ಗೌಂಡಿ ಒಬ್ಬರು ಇದ್ದಾರೆ, ಅವರ ಹತ್ತಿರ ದಾರಕ್ಕೆ ಕಟ್ಟಿದ ತೂಕದ ಗುಂಡು ಇಸಕೊಂಡು ಬಂದೆ. ಎಡಗಡೆ ಕಂಬಕ್ಕೆ ಹಿಡಿದರೆ ದಾರ ಮೇಲಿಂದ ಕೆಳಗಿನವರೆಗೆ ಮರಕ್ಕೆ ತಾಗಿಕೊಂಡೇ ಇತ್ತು. ಬಲಗಡೆ ಹಿಡಿದರೆ ಮೇಲಕ್ಕೂ ಕೆಳಕ್ಕೂ ಒಂದೂಕಾಲು ಇಂಚು ವ್ಯತ್ಯಾಸ.

ಕಾಕಾ ನಗಲು ಶುರು ಮಾಡಿದರು. "ಅದು ನಾ ಸಣ್ಣಾಂವ ಇದ್ದಾಗಿಂದ ಹಂಗ ಐತಿ. ಒಂದ ಮಳಿಗಾಲದಾಗ ಆ ಕಡಿ ಗೋಡಿ ಕುಂತಿತ್ತು. ನಿಮ್ಮಜ್ಜ ಗೋಡಿ ಕಟ್ಟಿಸಿದಾ, ಚೌಕಟ್ಟು ಮುಟ್ಟಲಿಲ್ಲ. ಬಲಗಡಿ ಕದಾ ಒದ್ದರನ ಮುಚ್ಚೂದು, ಗೊತ್ತಿಲ್ಲೇನ ನಿನಗ?"

ಗೊತ್ತಿತ್ತು. ಆ ಕದವನ್ನು ಕಾಲಿನಿಂದ ಒದ್ದೇ ನಾವೆಲ್ಲ ಮುಚ್ಚುತ್ತಿದ್ದೆವು, ಅವ್ವ ಬೈಯುತ್ತಿದ್ದಳು. ಯಾಕೆ ಒದೆಯಬೇಕು ಅಂತ ಯಾವತ್ತೂ ಕೇಳಿರಲಿಲ್ಲ.

ಆಮೇಲೆ ಹೀಗೆ ಮಾಡಿದೆ. ಕ್ಯಾಮೆರಾ ಅಲುಗಿಸದೆ ಎರಡು ಫೋಟೋ. ಮೊದಲನೆಯದರಲ್ಲಿ ಬಲಗಡೆ ಕಂಬದ ಪಕ್ಕ ಗುಂಡು ಇಳಿಬಿಟ್ಟೆ, ಬಿಳಿ ದಾರ ಚೆನ್ನಾಗಿ ಕಾಣುವ ಹಾಗೆ. ಎರಡನೆಯದರಲ್ಲಿ ಗುಂಡು ತೆಗೆದು ಬರೀ ಬಾಗಿಲು. ಮನೆಗೆ ಬಂದು ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಮೊದಲನೆಯದಕ್ಕೆ ಒಂದು ಗೆರೆ ದಾರದ ಮೇಲೆ, ಇನ್ನೊಂದು ಎಡ ಕಂಬದ ಮೇಲೆ ಎಳೆದೆವು. ಆ ಫೋಟೋ ಕೂದಲೆಳೆಯಷ್ಟೂ ಅಲುಗಲಿಲ್ಲ ಅಂತಲೇ ಹೇಳಬೇಕು, ಕನ್ನಡಿ ಅಷ್ಟು ಸರಿ ಕೂರಿಸಿತ್ತು. ಅದೇ ಟ್ರಾನ್ಸ್‌ಫಾರ್ಮ್, ಅಂದರೆ ಓರೆ ತಿದ್ದಿದ ಲೆಕ್ಕ, ನಕಲು ಮಾಡಿ ಎರಡನೆಯದಕ್ಕೆ ಹಾಕಿದೆವು. ಬಳೆ ಅಳೆದೆ: ಅಡ್ಡ 236, ಉದ್ದ 234. ಇದಕ್ಕಿಂತ ಗುಂಡಗೆ ನನ್ನ ಕೈಲಿ ಆಗಲ್ಲ.

ಸುಮ್ನೆ ನೋಡೋಣ ಅಂತ ಒಂದು ಕಾಪಿಗೆ ಆಟೋ ಒತ್ತಿದೆವು. ಎರಡೂ ಕಂಬ ನೆಟ್ಟಗೆ ನಿಂತವು, ಹೊಸ ಅಪಾರ್ಟ್‌ಮೆಂಟಿನ ಬಾಗಿಲಿನ ಹಾಗೆ. ಎರಡನ್ನೂ ಕಾಕಾನಿಗೆ ಕಳಿಸಿದೆ. ಆಟೋದ್ದು ನೋಡಿ ಫೋನ್ ಮಾಡಿ "ಇದ್ಯಾರ ಮನಿದು?" ಅಂದರು. ಇನ್ನೊಂದು ತೆಗೆದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂ, ಇದನ್ನ ಒದಿಬೇಕು" ಅಂದರು.

ಎಲ್ಲರಿಗೂ ಥ್ಯಾಂಕ್ಸ್. ಕೆಂಪುದೀಪ ಸರ್‌ಗೆ ಒಂದು ಜಾಸ್ತಿ. ಒಂದು ಪ್ರಶ್ನೆ ಉಳಿದಿದೆ: ಪ್ರಿಂಟ್ ಹೊಳೆಯುವ ಕಾಗದದಲ್ಲಾ, ಮಂಕು ಕಾಗದದಲ್ಲಾ?

ಕೆಂಪುದೀಪ:

ಮಂಕು. ಹಳೆ ಮರಕ್ಕೆ ಹೊಳಪು ಹಾಕಿದರೆ ವಾರ್ನಿಶ್ ಹೊಡೆದ ಹಾಗೆ ಕಾಣುತ್ತೆ. ಐದೂ ಒಟ್ಟಿಗೆ ಮಾಡಿಸಬೇಡಿ, ಮೊದಲು ಬಳೆಯ ಸುತ್ತಲಿನ ಒಂದು ತುಂಡು ಅದೇ ಅಳತೆಗೆ ಪ್ರಿಂಟ್ ಮಾಡಿಸಿ ನೋಡಿ. ಆ ಗುಳಿ ಕಂಡರೆ ಉಳಿದಿದ್ದೆಲ್ಲ ಕಂಡ ಹಾಗೆ.

ಅಡಿಕೆಸೀಮೆ:

ಹಿಂಬದಿ ತೆಗೆದ್ರಾ? ನಮ್ಮ ಮನೆ ಬಾಗಿಲಿನ ಒಳಮೈಯಲ್ಲಿ ಅಜ್ಜಿ ಇದ್ದಿಲಿನಲ್ಲಿ ಹಾಲಿನ ಲೆಕ್ಕ ಬರೆದಿಟ್ಟಿದ್ದರು. ಮನೆ ರಿಪೇರಿ ಮಾಡುವಾಗ ಬಣ್ಣದವರು ಒಂದೇ ದಿನದಲ್ಲಿ ಬಳಿದು ಹಾಕಿದರು. ಒಂದು ಫೋಟೋನೂ ಇಲ್ಲ.

ಪಡಸಾಲೆ:

ಅಯ್ಯೋ, ಇಲ್ಲ. ಒಳಗಡೆ ಅಗಳಿ ಇದೆ, ಅಗಳಿ ಉಜ್ಜಿ ಉಜ್ಜಿ ಆದ ಗೀರು ಇದೆ, ನಮ್ಮೆಲ್ಲರ ಎತ್ತರ ಗುರುತು ಹಾಕಿದ್ದೂ ಇರಬೇಕು. ಕಾಕಾನಿಗೆ ಈಗಷ್ಟೇ ಫೋನ್ ಮಾಡಿ ಕೇಳಿದೆ, ಇದೆಯಂತೆ. ಪಡಸಾಲೆಯಲ್ಲಿ ಹಿಂದೆ ಸರಿಯಲು ಹನ್ನೆರಡು ಅಡಿ ಜಾಗ ಇದೆ, ಆದರೆ ಬಾಗಿಲು ಮುಚ್ಚಿದರೆ ಪೂರ್ತಿ ಕತ್ತಲೆ, ಒಂದು ಬೆಳಕಿಂಡಿ ಬಿಟ್ಟರೆ ಏನೂ ಇಲ್ಲ. ಮುಂದಿನ ಭಾನುವಾರ ಹೋಗ್ತೀನಿ. ಕತ್ತಲೆಗೆ ಏನು ಮಾಡಬೇಕು ಅಂತ ಬೇರೆ ಪ್ರಶ್ನೆ ಹಾಕ್ತೀನಿ, ಅಲ್ಲಿಗೂ ಬನ್ನಿ.